ಮಿಣುಕು ಬೆಳಕು, ಮಿಡಿಯುವ ನಾದ: ನಿದ್ರೆ ತರಬಲ್ಲವೇ?

ಶಿವಮೊಗ್ಗ: ಭದ್ರಾವತಿಗೂ ರಾತ್ರಿ ಪಾಳಿಗೂ ಹಳೆಯ ನಂಟು. ಹಿಂದೆ ಬೆಂಕಿಪುರ ಎನಿಸಿದ್ದ ಈ ಊರಿನಲ್ಲಿ 1923ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಕುಲುಮೆಗೆ ಹಗಲು, ರಾತ್ರಿಯ ಭೇದವಿಲ್ಲವಾದ್ದರಿಂದ ಕಾರ್ಮಿಕರ ನಿದ್ರೆಯೂ ಪಾಳಿಗೆ ಒಳಪಟ್ಟಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತಾದರೂ ನಿದ್ರೆಗೆಡಿಸುವ ದುಡಿಮೆ ನಿಂತಿಲ್ಲ. ಆಸ್ಪತ್ರೆಯ ದಾದಿಯರು, ರಾತ್ರಿ ಬಸ್ಸಿನ ಚಾಲಕರು, ಕಾವಲುಗಾರರು ಇಂದಿಗೂ ಹಗಲಿನಲ್ಲಿ ನಿದ್ರೆಯನ್ನು ಅರಸುವವರೇ. ಇಂಥವರಿಗೆ ಗಾಢ ನಿದ್ರೆಯ ಭರವಸೆ ನೀಡುವ ಮಿಣುಕು ಕನ್ನಡಕ, ಮೊಬೈಲ್ ತಂತ್ರಾಂಶ ಹಾಗೂ ಧ್ವನಿಮುದ್ರಿಕೆಗಳು ಈಗ ಸುಲಭವಾಗಿ ದೊರೆಯುತ್ತವೆ. ಇವುಗಳ ಹಿಂದಿರುವ ವಿಜ್ಞಾನವೆಷ್ಟು? ಅಪಾಯವೇನು?

ಮಿದುಳಿನ ಅಲೆಗಳು

ಮಿದುಳಿನ ನರಕೋಶಗಳ ಚಟುವಟಿಕೆಯಿಂದ ಅತಿ ಸೂಕ್ಷ್ಮ ವಿದ್ಯುತ್ ಏರಿಳಿತ ಉಂಟಾಗುತ್ತದೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ನೆತ್ತಿಯ ಮೂಲಕ ಇದನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಇಂದಿನ ಇಇಜಿ ಪರೀಕ್ಷೆಯ ಮೂಲ ಇದೇ. ಎಚ್ಚರದ, ಚುರುಕಿನ ಸ್ಥಿತಿಯಲ್ಲಿ ಸೆಕೆಂಡಿಗೆ 13ರಿಂದ 30ರಷ್ಟು ಬೀಟಾ ಅಲೆಗಳು, ಕಣ್ಣು ಮುಚ್ಚಿ ವಿಶ್ರಮಿಸುವಾಗ 8ರಿಂದ 13ರಷ್ಟು ಆಲ್ಫಾ, ಜೊಂಪು ಹತ್ತುವಾಗ 4ರಿಂದ 8ರಷ್ಟು ಥೀಟಾ, ಗಾಢ ನಿದ್ರೆಯಲ್ಲಿ 4ಕ್ಕಿಂತ ಕಡಿಮೆ ವೇಗದ ಡೆಲ್ಟಾ ಅಲೆಗಳು ಪ್ರಧಾನವಾಗಿ ಕಾಣುತ್ತವೆ.

1934ರಲ್ಲಿ ಕೇಂಬ್ರಿಡ್ಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟರು. ಕಣ್ಣೆದುರು ಬೆಳಕು ನಿಯತ ಗತಿಯಲ್ಲಿ ಮಿಣುಕಿದರೆ ಮಿದುಳಿನ ಹಿಂಭಾಗದ ಅಲೆಗಳೂ ಅದೇ ಗತಿಯನ್ನು ಅನುಸರಿಸುತ್ತವೆ. ಬೆಳಕಿನ ಉಪಕರಣಗಳೆಲ್ಲ ನಿಂತಿರುವುದು ಈ ತತ್ವದ ಮೇಲೆ. ಮಿಣುಕಿನ ವೇಗವನ್ನು ಕ್ರಮೇಣ ತಗ್ಗಿಸುತ್ತ ಹೋದರೆ ಮಿದುಳೂ ನಿದ್ರೆಯತ್ತ ಇಳಿಯುತ್ತದೆ ಎಂಬುದು ಅವುಗಳ ವಾದ.

ತಂಬೂರಿಯ ಮಿಡಿತ

ಧ್ವನಿಯ ವಿಧಾನವನ್ನು ತಂಬೂರಿಯ ಉದಾಹರಣೆಯಿಂದ ತಿಳಿಯಬಹುದು. ಶ್ರುತಿ ಕೂಡಿಸುವಾಗ ಎರಡು ತಂತಿಗಳ ನಡುವೆ ಅಲ್ಪ ವ್ಯತ್ಯಾಸವಿದ್ದರೆ ನಾದ ಏರಿಳಿದು ಮಿಡಿಯುತ್ತದೆ; ಶ್ರುತಿ ಸೇರಿದಂತೆ ಮಿಡಿತ ನಿಧಾನಗೊಂಡು ಅಡಗುತ್ತದೆ. ತಂಬೂರಿಯ ಮಿಡಿತ ಗಾಳಿಯಲ್ಲೇ ಹುಟ್ಟುವಂಥದ್ದು. ಹೆಡ್‌ಫೋನ್ ಮೂಲಕ ಎಡಗಿವಿಗೆ 200 ಹರ್ಟ್ಜ್, ಬಲಗಿವಿಗೆ 206 ಹರ್ಟ್ಜ್ ನಾದವನ್ನು ಬೇರೆಬೇರೆಯಾಗಿ ಕೇಳಿಸಿದರೆ ಸೆಕೆಂಡಿಗೆ 6ರಂತೆ ಮಿಡಿತ ಕೇಳಿಸುತ್ತದೆ. ಆದರೆ ಅದು ಹುಟ್ಟುವುದು ಮಿದುಳಿನೊಳಗೆ. ಇದಕ್ಕೆ ಬೈನಾರಲ್ ಬೀಟ್ಸ್ ಎಂದು ಹೆಸರು. ಜರ್ಮನ್ ಭೌತವಿಜ್ಞಾನಿ ಡೋವ್ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. 1973ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಜೆರಾಲ್ಡ್ ಆಸ್ಟರ್ ಬರೆದ ಲೇಖನದಿಂದ ಅದು ಜನಪ್ರಿಯವಾಯಿತು.

ಅನುಸರಣೆ ನಿದ್ರೆಯಲ್ಲ

ಮಿಣುಕು ಬೆಳಕನ್ನು ಮಿದುಳು ಅನುಸರಿಸುವುದು ನಿಜ. ಧ್ವನಿಯ ವಿಷಯದಲ್ಲಿ ಅಷ್ಟು ಖಚಿತತೆಯಿಲ್ಲ. 2023ರಲ್ಲಿ ಪ್ರಕಟವಾದ ಒಂದು ಪರಾಮರ್ಶೆ ಬೈನಾರಲ್ ಬೀಟ್ಸ್ ಕುರಿತ 14 ಅಧ್ಯಯನಗಳನ್ನು ಪರಿಶೀಲಿಸಿತು. ಅವುಗಳಲ್ಲಿ 5 ಮಾತ್ರ ಮಿದುಳಿನ ಅಲೆಗಳು ಅನುಸರಿಸುತ್ತವೆಂಬ ವಾದವನ್ನು ಬೆಂಬಲಿಸಿದವು, 8 ವಿರುದ್ಧವಾಗಿದ್ದವು, ಒಂದರ ಫಲಿತಾಂಶ ಮಿಶ್ರವಾಗಿತ್ತು.

ಇನ್ನು, ಅಲೆ ಅನುಸರಿಸಿದ ಮಾತ್ರಕ್ಕೆ ನಿದ್ರೆ ಬಂದಂತಲ್ಲ. ಡೆಲ್ಟಾ ಅಲೆ ಗಾಢ ನಿದ್ರೆಯ ಲಕ್ಷಣವೇ ಹೊರತು ನಿದ್ರೆಯ ಕೀಲಿಕೈಯಲ್ಲ. ಕತ್ತಲ ಕೋಣೆಯಲ್ಲಿ ಅರ್ಧ ತಾಸು ಕಣ್ಣು ಮುಚ್ಚಿ ಮೆಲುದನಿಯ ನಾದ ಆಲಿಸಿದರೆ ಮನಸ್ಸು ಹಗುರಾಗಬಹುದು. ಆದರೆ ಆ ನೆಮ್ಮದಿ ನೀಲಾಂಬರಿ ರಾಗದಿಂದಲೂ ತಾಯಿಯ ಜೋಗುಳದಿಂದಲೂ ಒದಗುವಂಥದ್ದು. ಅದಕ್ಕೆ ಬೆಲೆಬಾಳುವ ಯಂತ್ರ ಬೇಕಿಲ್ಲ.

ಯಾರಿಗೆ ಅಪಾಯ?

ಧ್ವನಿಯಿಂದ ಆಗುವ ತೊಂದರೆ ಅಲ್ಪ. ಶಬ್ದದ ಪ್ರಮಾಣ ಹಿತಮಿತವಾಗಿದ್ದರೆ ಸಾಕು. ವಾಹನ ಚಲಾಯಿಸುವಾಗ ಆಲಿಸಬಾರದು. ಆದರೆ ಬೆಳಕಿನ ವಿಷಯ ಬೇರೆ. ಜಪಾನಿನಲ್ಲಿ 1997ರ ಡಿಸೆಂಬರ್ 16ರಂದು ಮಕ್ಕಳ ವ್ಯಂಗ್ಯಚಿತ್ರ ಸರಣಿ ‘ಪೋಕೆಮಾನ್’ನಲ್ಲಿ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಬಾರಿ ಮಿಣುಕಿದಾಗ 680ಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದರು. ಅವರಲ್ಲಿ ಹಲವರಿಗೆ ಅದಕ್ಕೂ ಮುನ್ನ ಮೂರ್ಛೆ ಬಂದಿರಲಿಲ್ಲ.

ಮೂರ್ಛೆರೋಗ ಉಳ್ಳ 100 ಜನರಲ್ಲಿ ಸುಮಾರು 3 ಮಂದಿಗೆ ಮಿಣುಕು ಬೆಳಕಿನಿಂದ ಸೆಳವು ಬರಬಹುದು. ಮಕ್ಕಳು ಹಾಗೂ ಹದಿಹರೆಯದವರಲ್ಲಿ ಇದು ಹೆಚ್ಚು. ಸೆಕೆಂಡಿಗೆ 3ರಿಂದ 30 ಬಾರಿಯ ಮಿಣುಕು ಇವರಿಗೆ ಅಪಾಯಕಾರಿ. ವಿಶ್ರಾಂತಿಗೆಂದು ಬಳಸುವ ಆಲ್ಫಾ, ಥೀಟಾ ವೇಗಗಳು ಇದೇ ವ್ಯಾಪ್ತಿಯಲ್ಲಿವೆ ಎಂಬುದು ಗಮನಾರ್ಹ. ಕಣ್ಣು ಮುಚ್ಚಿದರೂ ರಕ್ಷಣೆಯಿಲ್ಲ. ಪ್ರಖರ ಬೆಳಕು ರೆಪ್ಪೆಯನ್ನು ದಾಟುತ್ತದೆ. ಆದುದರಿಂದ ತಮಗಾಗಲಿ, ರಕ್ತಸಂಬಂಧಿಗಳಿಗಾಗಲಿ ಮೂರ್ಛೆರೋಗ ಇದ್ದವರು ಹಾಗೂ ಮಕ್ಕಳು ಇಂಥ ಕನ್ನಡಕದಿಂದ ದೂರವಿರುವುದೇ ಲೇಸು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಯಂತ್ರದ ಭರವಸೆಯಲ್ಲಿ ತಾವಾಗಿ ನಿಲ್ಲಿಸುವುದು ಇನ್ನೂ ಅಪಾಯಕಾರಿ.

ಪರಿಹಾರವೇನು?

ಪಾಳಿ ಕೆಲಸಗಾರರಿಗೆ ಮಿಣುಕು ಬೆಳಕಿಗಿಂತ ಬೆಳಕಿನ ವೇಳೆ ಮುಖ್ಯ. ಬೆಳಗಿನ ಬಿಸಿಲು ಮಿದುಳಿಗೆ ಎಚ್ಚರದ ಸಂದೇಶ ನೀಡುತ್ತದೆ. ಹೀಗಾಗಿ ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವಾಗ ಕಪ್ಪು ಕನ್ನಡಕ, ಮಲಗುವ ಕೋಣೆಗೆ ದಪ್ಪ ಪರದೆ, ಪಾಳಿಯ ಕೊನೆಯ ತಾಸುಗಳಲ್ಲಿ ಕಾಫಿ, ಚಹಾ ವರ್ಜನೆ ಉಪಯುಕ್ತ. ದೀರ್ಘಕಾಲದ ನಿದ್ರಾಹೀನತೆಗೆ ಯೋಚನೆ ಮತ್ತು ಅಭ್ಯಾಸಗಳನ್ನು ತಿದ್ದುವ ಸಿಬಿಟಿ ಚಿಕಿತ್ಸೆಯನ್ನೇ ಮೊದಲು ನೀಡಬೇಕೆಂದು ಅಮೆರಿಕದ ವೈದ್ಯರ ಸಂಸ್ಥೆ ಎಸಿಪಿ 2016ರಲ್ಲಿ ಶಿಫಾರಸು ಮಾಡಿದೆ. ಜೋರಾದ ಗೊರಕೆ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ, ತಿಂಗಳುಗಟ್ಟಲೆ ನಿದ್ರೆ ಬಾರದಿರುವಿಕೆ ಇದ್ದಲ್ಲಿ ವೈದ್ಯರನ್ನು ಕಾಣಬೇಕು.

ಮನೋವೈದ್ಯ ಡಾ. ಕೆ.ಎ. ಅಶೋಕ್ ಪೈ (ನಿಧನ 2016) ಅವರು ಬರಹ ಹಾಗೂ ಚಲನಚಿತ್ರಗಳ ಮೂಲಕ ಮನಸ್ಸಿನ ಕಾಯಿಲೆಗಳನ್ನು ಜನರ ಮಾತಿಗೆ ತಂದ ಊರು ಶಿವಮೊಗ್ಗ. ನಿದ್ರೆ ಬಾರದೆಂದು ಮನೋವೈದ್ಯರ ಬಳಿಗೆ ಹೋಗಲು ಇಲ್ಲಿ ಸಂಕೋಚ ಪಡಬೇಕಿಲ್ಲ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮೆಗ್ಗಾನ್ ಬೋಧನಾ ಆಸ್ಪತ್ರೆ ನಗರದಲ್ಲಿಯೇ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416.