ಪ್ಲೇಟ್‌ಲೆಟ್ ಕೊರತೆಯ ನಂತರದ ಚರ್ಮಲಕ್ಷಣಗಳು

ರಕ್ತದ ಪ್ಲೇಟ್‌ಲೆಟ್ ಸಂಖ್ಯೆ ಕುಸಿದು ಚೇತರಿಸಿಕೊಂಡ ಮೇಲೂ ಕೆಲಕಾಲ ಉಳಿಯುವ ಕಲೆ, ತುರಿಕೆ ಮುಂತಾದವು. ಸಹಜ ಸಂಖ್ಯೆ ಪ್ರತಿ ಮೈಕ್ರೊಲೀಟರಿಗೆ 1.5ರಿಂದ 4.5 ಲಕ್ಷ.

ಕಾರಣ: ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಬಯಲುಸೀಮೆಯ ಊರುಗಳಲ್ಲಿ ನೀರು ತುಂಬಿಟ್ಟ ತೊಟ್ಟಿ, ಡ್ರಮ್ಮುಗಳು ಪ್ಲೇಟ್‌ಲೆಟ್ ಕುಸಿಯುವಂತೆ ಮಾಡುವ ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆಗೆ ನೆಲೆಯಾಗುತ್ತವೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ರೋಗನಿರೋಧಕ ವ್ಯವಸ್ಥೆಯೇ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವ ಐಟಿಪಿ (ಇಮ್ಯೂನ್ ಥ್ರಾಂಬೊಸೈಟೊಪೀನಿಯಾ) ಇನ್ನೊಂದು ಕಾರಣ. ಇದು ಬಂದ ಬಹುಪಾಲು ಮಕ್ಕಳು ಆರು ತಿಂಗಳೊಳಗೆ ಗುಣಮುಖರಾಗುತ್ತಾರೆ.

ಲಕ್ಷಣ: ಚರ್ಮದಡಿ ಸೋರಿದ ರಕ್ತದ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು ಒತ್ತಿದರೂ ಮಾಸುವುದಿಲ್ಲ, ಚೇತರಿಕೆಯ ಬಳಿಕ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಅಳಿಯುತ್ತವೆ. ಕಂದುಗಟ್ಟಿದ ಜಾಗ ಹಸಿರು, ಹಳದಿಗೆ ತಿರುಗಿ ತಿಳಿಯಾಗುತ್ತದೆ. ಕೆಂಪುರಕ್ತಕಣಗಳ ಕಬ್ಬಿಣಾಂಶ ಉಳಿದರೆ, ವಿಶೇಷವಾಗಿ ಮೊಣಕಾಲ ಕೆಳಗೆ, ಕಂದು ಕಲೆ ತಿಂಗಳುಗಟ್ಟಲೆ ಇರಬಹುದು. ಡೆಂಗಿ ಇಳಿಯುವಾಗ ಕೆಂಪು ಚರ್ಮದ ನಡುವೆ ಬಿಳಿ ಮಚ್ಚೆ ಕಾಣಿಸಿ, ಅಂಗೈ ಅಂಗಾಲು ತುರಿಸುವುದುಂಟು. ಇದು ಪ್ಲೇಟ್‌ಲೆಟ್ ಮತ್ತೆ ಕುಸಿದ ಗುರುತಲ್ಲ. ಐಟಿಪಿ ಚಿಕಿತ್ಸೆಗೆಂದು ಸ್ಟೆರಾಯ್ಡ್ ಸೇವಿಸಿದವರಲ್ಲಿ ಮೊಡವೆ, ತೆಳುಚರ್ಮ ಕಾಣಬಹುದು.

ಎಚ್ಚರಿಕೆ: ಹೊಸ ಚುಕ್ಕೆ, ಮೂಗು ಅಥವಾ ವಸಡಿನ ರಕ್ತಸ್ರಾವ, ಕಪ್ಪು ಮಲ, ತೀವ್ರ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಬೇಕು. ವೈದ್ಯರು ಹೇಳದೆ ಆಸ್ಪಿರಿನ್, ಐಬುಪ್ರೊಫೆನ್ ಸೇವಿಸಬಾರದು. ತಾಲ್ಲೂಕು ಆಸ್ಪತ್ರೆಯಿಂದ ಹೆಚ್ಚಿನ ಚಿಕಿತ್ಸೆಗೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು.