ಕಿಟ್ಲಿ ಮೊದಲೋ, ಪಾತೇಲಿ ಮೊದಲೋ?

ಹೋದ ದೀಪಾವಳಿಗೆ ಬಂದ ನಮ್ಮ ತಮ್ಮನ ಮಗಳು, ನಾ ಹಸಿಶುಂಠಿ ಜಜ್ಜಿ ಹಾಕಿ ಚಹಾ ಕುದಸೂದು ನೋಡಿ ನಕ್ಕಳು. "ಅತ್ಯಾ, ಇದು ಚಹಾ ಅಲ್ಲ, ಕಷಾಯ! ಕಿಟ್ಲಿಯೊಳಗ ಎಲಿ ಹಾಕಿ, ಬಿಸಿನೀರು ಸುರವಿ, ಮುಚ್ಚಿ ಇಡಬೇಕು" ಅಂದ್ಲು. ಅಕಿಗೆ ಕಿಟ್ಲಿ ಹುಚ್ಚು, ಚೀನಾದ ಮಣ್ಣಿನ ಸಣ್ಣ ಸಣ್ಣ ಕಿಟ್ಲಿ ಕೂಡಿಸಿಟ್ಟಾಳ. ಅಕಿ ಹೇಳಿದ್ದು ಸುಳ್ಳಲ್ಲ. ಆದ್ರ ಇತಿಹಾಸ ನೋಡಿದ್ರ, ಕುದಸೂದು ಕಿಟ್ಲಿಗಿಂತ ಹಳೇದು.

8ನೇ ಶತಮಾನದಾಗ, ಟಾಂಗ್ ಅರಸರ ಕಾಲಕ್ಕ, ಚೀನಾದ ಲು ಯು ಅನ್ನೋ ಪಂಡಿತ ಚಹಾದ ಮ್ಯಾಲೇ ಒಂದು ಪುಸ್ತಕ ಬರದ. ಆಗ ಎಲಿ ಹಬಿಯೊಳಗ ಬೇಯಿಸಿ, ಕುಟ್ಟಿ, ಬಿಲ್ಲಿ ಮಾಡಿ ಒಣಗಸ್ತಿದ್ರು. ಬೇಕಾದಾಗ ಆ ಬಿಲ್ಲಿ ಕಾಸಿ, ಪುಡಿ ಮಾಡಿ, ಚೂರು ಉಪ್ಪು ಹಾಕಿದ ಕುದಿನೀರಿಗೆ ಹಾಕ್ತಿದ್ರು. ಕೆಲವರು ಶುಂಠಿ, ಉಳ್ಳಾಗಡ್ಡಿ, ಪುದೀನಾನೂ ಹಾಕ್ತಿದ್ರು. ಲು ಯುಗ ಅದು ಸೇರತಿದ್ದಿಲ್ಲ, ಗಟಾರದ ನೀರಿಗೆ ಹೋಲಿಸ್ಯಾನ! ಅಂದ್ರ ಶುಂಠಿ ಹಾಕವ್ರೂ, ಅವರನ್ನ ನೋಡಿ ನಗವ್ರೂ 1200 ವರ್ಷದಿಂದ ಇದ್ದಾರ.

ಮುಂದ ಸಾಂಗ್ ಅರಸರ ಕಾಲಕ್ಕ ಚಹಾದ ಪುಡಿಗೆ ಬಿಸಿನೀರು ಹಾಕಿ ಬಟ್ಟಲದಾಗೇ ಕಡೀತಿದ್ರು. ಆಗೂ ಕಿಟ್ಲಿಯ ಕೆಲಸ ಇರಲಿಲ್ಲ. 1391ರಾಗ ಮಿಂಗ್ ಮನೆತನದ ಮೊದಲ ಚಕ್ರವರ್ತಿ, ಬಡ ರೈತನ ಮಗ, ಬಿಲ್ಲಿ ಮಾಡೋ ದಗದ ಜನಕ್ಕ ಭಾಳ ಭಾರ ಅಂತ, ಕಪ್ಪಕ್ಕ ಬರೇ ಎಲಿ ಕಳಸ್ರಿ ಅಂತ ಆಜ್ಞಾ ಮಾಡಿದ. ಬಿಡಿ ಎಲಿ ನೆನೀಲಿಕ್ಕೆ ಕಾವು ಹಿಡಿಯೋ ಮುಚ್ಚಳ ಬೇಕು, ಎಲಿ ಒಳಗ ನಿಂತು ನೀರಷ್ಟೇ ಬರೋ ಸೊಂಡಿ ಬೇಕು. ಹಂಗಾಗಿ ಕಿಟ್ಲಿಗೆ ಬೆಲಿ ಬಂತು. ಜಿಯಾಂಗ್ಸು ಪ್ರಾಂತದ ಯಿಶಿಂಗ್ ಊರಿನ ಕಂದು-ನೇರಳಿ ಮಣ್ಣಿನ ಕಿಟ್ಲಿ ಹೆಸರಾದವು. ಅವಕ್ಕ ಹೊಳಪಿನ ಲೇಪ ಇರೂದಿಲ್ಲ, ಮಣ್ಣು ಚಹಾದ ವಾಸನಿ ಹಿಡೀತದ. ಅದಕ್ಕ ಒಂದು ಕಿಟ್ಲಿಗೆ ಒಂದೇ ಥರದ ಚಹಾ, ಸಾಬೂನು ಮುಟ್ಟಸಂಗಿಲ್ಲ. ನಮ್ಮ ಮೊಸರಿನ ಗಡಿಗಿ ಇದ್ಧಂಗ!

17ನೇ ಶತಮಾನದಾಗ ಈ ಕಿಟ್ಲಿ ಹಡಗ ಹತ್ತಿ ಯುರೋಪಕ್ಕ ಹೋದವು. ಅಲ್ಲಿ ಕುಂಬಾರರು ಇವನ್ನ ನೋಡೇ ತಮ್ಮವನ್ನ ಮಾಡಿದ್ರು. 1662ರಾಗ ಇಂಗ್ಲೆಂಡಿನ ರಾಜನ್ನ ಲಗ್ನಾದ ಪೋರ್ಚುಗಲ್‌ದ ಕ್ಯಾಥರೀನ್ ಚಹಾದ ರೂಢಿನೂ ಸಂಗಾಟ ಒಯ್ದಳು. ಅಕಿ ವರದಕ್ಷಿಣಿಯೊಳಗ ನಮ್ಮ ಮುಂಬೈನೂ ಇತ್ತು, ನೋಡ್ರಿ!

ಇನ್ನ ನಮ್ಮ ಪಾತೇಲಿ. 1930ರ ದಶಕದಾಗ ಅಸ್ಸಾಮದಾಗ ಸಿಟಿಸಿ ಯಂತ್ರ ಬಂತು. ಎಲಿ ಜಜ್ಜಿ, ಹರದು, ಕಾಳು ಕಾಳು ಮಾಡ್ತದ. ಆ ಪುಡಿ ಲಗೂ ಬಣ್ಣ ಬಿಡ್ತದ, ಹಾಲು-ಸಕ್ರಿ ಹಾಕಿ ಕುದಿಸಿದ್ರೂ ಖಡಕ್ ಉಳೀತದ. ಎಲಿ ಬದಲಾದಂಗ ಪಾತ್ರಿ ಬದಲಾತು, ಇಷ್ಟೇ. ಇದರಾಗ ಮೇಲು-ಕೀಳು ಏನದ?

ಇದನ್ನೆಲ್ಲಾ ಹೇಳಿದ ಮ್ಯಾಲೆ ಅಕಿ ತನ್ನ ಎಲಿಗೆ ಕಿಟ್ಲಿ ತಗದ್ಲು, ನಾ ನಮ್ಮ ಪುಡಿಗೆ ಪಾತೇಲಿ ಇಟ್ಟೆ. ಎರಡೂ ಕುಡದ್ವಿ. ಆಮ್ಯಾಲೆ ನಮ್ಮ ಸೊಸಿ ಕಿಟ್ಲಿ ತಿಕ್ಕಲಿಕ್ಕೆ ಸಾಬೂನು ಹಚ್ಚೋದ್ರಾಗಿದ್ಲು. "ಬ್ಯಾಡವಾ, ಬರೇ ನೀರು ಹಾಕು!" ಅಂತ ಒದರಿದಾಕಿ ನಾನೇ.