ಲೋಹಿಯಾ ಬಿಡುಗಡೆ ಮತ್ತು ಮೂರು ವೃತ್ತಗಳು



‘ಗೂಂಡಾ ಕಾಯ್ದೆಯಡಿ ಬಂಧನ’ ಎಂಬ ಸುದ್ದಿ ಓದಿ ಪುಟ ತಿರುವುತ್ತೇವಲ್ಲ, ಈ ಸಲ ಒಂದು ನಿಮಿಷ ನಿಲ್ಲೋಣ. ಅಲ್ಲಿ ಶಿಕ್ಷೆಯಾಗಿಲ್ಲ, ವಿಚಾರಣೆಯೂ ನಡೆದಿಲ್ಲ. ಮುಂದೇನಾದರೂ ಮಾಡಿಯಾನು ಎಂಬ ಅನುಮಾನಕ್ಕೇ ಜೈಲು. ಇದು ಮುಂಜಾಗ್ರತಾ ಬಂಧನ.

1965ರ ಆಗಸ್ಟ್ 9ರ ನಡುರಾತ್ರಿ ಪಾಟ್ನಾದಲ್ಲಿ ಡಾ. ರಾಮಮನೋಹರ ಲೋಹಿಯಾ ಅವರನ್ನು ಪೊಲೀಸರು ಹಿಡಿದರು. ಆಗ ಅವರು ಲೋಕಸಭಾ ಸದಸ್ಯರು. ನಮ್ಮವರಿಗೆ ಹೊಸಬರೇನಲ್ಲ, 1951ರಲ್ಲಿ ಕಾಗೋಡಿನ ಗೇಣಿದಾರರ ಸತ್ಯಾಗ್ರಹಕ್ಕೆ ಬಂದು ಬಂಧನಕ್ಕೊಳಗಾದವರು. ಪಾಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟರು ಭಾರತ ರಕ್ಷಣಾ ನಿಯಮಗಳಡಿ ಆದೇಶ ಹೊರಡಿಸಿದರು. 1962ರ ಚೀನಾ ಯುದ್ಧಕಾಲದ ತುರ್ತುಪರಿಸ್ಥಿತಿ ಇನ್ನೂ ಜಾರಿಯಲ್ಲಿತ್ತು. ಆ ನಿಯಮಗಳಡಿ ಒಳಗೆ ಹೋದವರು ವ್ಯಕ್ತಿಸ್ವಾತಂತ್ರ್ಯದ ಹಕ್ಕು ಕೇಳಿ ಕೋರ್ಟಿಗೆ ಹೋಗುವಂತಿರಲಿಲ್ಲ.

ಲೋಹಿಯಾ ಹೋದರು. ನಿಯಮದಲ್ಲಿದ್ದದ್ದು ‘ಸಾರ್ವಜನಿಕ ಸುವ್ಯವಸ್ಥೆ’, ಆದೇಶದಲ್ಲಿ ಬರೆದದ್ದು ‘ಕಾನೂನು ಸುವ್ಯವಸ್ಥೆ’. ಎರಡೂ ಒಂದೇ ಅಲ್ಲವೇ ಎನ್ನುತ್ತೀರಾ? ನಮ್ಮ ಪತ್ರಿಕೆಗಳೂ ಒಂದರ ಜಾಗದಲ್ಲಿ ಇನ್ನೊಂದನ್ನು ಧಾರಾಳವಾಗಿ ಬರೆಯುತ್ತವೆ ಬಿಡಿ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹಿದಾಯತುಲ್ಲಾ ಒಪ್ಪಲಿಲ್ಲ. ಒಂದರೊಳಗೊಂದು ಮೂರು ವೃತ್ತ ಊಹಿಸಿಕೊಳ್ಳಿ ಎಂದರು: ದೊಡ್ಡದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ತೀರಾ ಒಳಗೆ ದೇಶದ ಭದ್ರತೆ. ಇಬ್ಬರು ಕುಡುಕರು ಹೊಡೆದಾಡಿದರೆ ಕೆಡುವುದು ಹೊರಗಿನ ವೃತ್ತ ಮಾತ್ರ. ಅದಕ್ಕೆ ಮಾಮೂಲಿ ಕಾನೂನು ಸಾಕು. ಅದೇ ಇಬ್ಬರು ಬೇರೆ ಬೇರೆ ಕೋಮಿನವರಾಗಿ, ಒಬ್ಬ ಕೋಮುಭಾವನೆ ಕೆರಳಿಸಲು ಹೊರಟರೆ, ಆಗ ಅದು ಊರಿನ ನೆಮ್ಮದಿಯ ಪ್ರಶ್ನೆ. ಆದೇಶ ನಿಯಮಕ್ಕೆ ಹೊಂದದಿದ್ದರೆ ತುರ್ತುಪರಿಸ್ಥಿತಿಯ ತಡೆಯೂ ಅದನ್ನು ಕಾಯುವುದಿಲ್ಲ ಎಂದಾಯಿತು.

ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಬಿಡುಗಡೆಯ ಪರ. ತಾರೀಖು ಗಮನಿಸಿ: 1965ರ ಸೆಪ್ಟೆಂಬರ್ 7. ನಮ್ಮ ಸೇನೆ ಲಾಹೋರಿನತ್ತ ಗಡಿ ದಾಟಿ ಒಂದೇ ದಿನವಾಗಿತ್ತು.

ನೀವಿರುವ ಊರಿಗೂ ಈ ವೃತ್ತಗಳು ಬೇಕು. ಮಹಾರಾಷ್ಟ್ರದ 1981ರ ಕಾಯ್ದೆ, ತಮಿಳುನಾಡಿನ 1982ರದು, ಕರ್ನಾಟಕದ 1985ರದು, ಆಂಧ್ರದಿಂದ ತೆಲಂಗಾಣಕ್ಕೆ ಬಂದ 1986ರದು, ಎಲ್ಲದರಲ್ಲೂ ‘ಸಾರ್ವಜನಿಕ ಸುವ್ಯವಸ್ಥೆ’ಯೇ ಕೀಲಿ. ತೆಲಂಗಾಣದಲ್ಲಿ ವಂಚನೆಯ ಐದು ಪ್ರಕರಣಗಳಲ್ಲಿ ನಿರೀಕ್ಷಣಾ ಜಾಮೀನು ಸಿಕ್ಕಿದ್ದವರೊಬ್ಬರನ್ನು ಈ ಕಾಯ್ದೆಯಡಿ ಒಳಗಿಟ್ಟರು. ಹೆಂಡತಿ ಸುಪ್ರೀಂ ಕೋರ್ಟಿಗೆ ಹೋದರು. ಜಾಮೀನು ಬೇಡವೆನಿಸಿದರೆ ಅದನ್ನು ರದ್ದು ಮಾಡಿಸಲು ಕೇಳಬೇಕಿತ್ತು, ಇಲ್ಲಿ ಊರಿನ ನೆಮ್ಮದಿ ಕೆಟ್ಟಿಲ್ಲ ಎಂದು 2021ರ ಆಗಸ್ಟಿನಲ್ಲಿ ಕೋರ್ಟು ಆದೇಶವನ್ನು ರದ್ದುಮಾಡಿತು. ಎರಡು ವರ್ಷದ ನಂತರ, 2023ರಲ್ಲಿ, ಅದೇ ರಾಜ್ಯದ ಇನ್ನೊಂದು ಬಂಧನದ ಆದೇಶ ಅದೇ ಕೋರ್ಟಿನ ಮುಂದೆ ಬಂತು. ಅದೂ ರದ್ದಾಯಿತು.